ಎಡಗೈ 22, ಬಲಗೈ 24

ಏನು ಹೇಳಿದರೂ ‘ಇದೇನು ಹೊಸದಲ್ಲ ಬಿಡಿ’ ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮ ಕಡೆ ಮದುವೆಮನೆಯ ಎರಡನೇ ಪಂಕ್ತಿಯಲ್ಲಿ, ನಿವೃತ್ತರು ಸೇರುವ ಪಾರ್ಕಿನ ಬೆಂಚಿನಲ್ಲಿ ಇವರು ಪುಕ್ಕಟೆ ಸಿಗುತ್ತಾರೆ. ಅಮೆರಿಕದಲ್ಲಿ ಮಾತ್ರ ಸರ್ಕಾರವೇ ಇವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದೆ. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಕೇಂದ್ರ ಕಚೇರಿಯಿರುವ ಪೇಟೆಂಟ್ ಇಲಾಖೆಯ ಎಕ್ಸಾಮಿನರುಗಳೆಂದರೆ ಇವರೇ. ಎಂಟು ಸಾವಿರಕ್ಕೂ ಮಿಕ್ಕಿದ್ದಾರೆ. ಪಾರ್ಕಿನವರು ‘ಹೊಸದಲ್ಲ’ ಎಂದು ಹೇಳಿ ಕಡಲೆಕಾಯಿ ಸುಲಿಯುತ್ತಾರೆ. ಇವರು ಹಾಗೆಂದ ಮೇಲೆ ಯಾವ ದಾಖಲೆ, ಯಾವ ತಾರೀಖು, ಎಷ್ಟನೇ ಕಾಲಂ, ಎಷ್ಟನೇ ಸಾಲು ಎಂಬುದನ್ನೂ ಬರೆದು ಕೊಡಬೇಕು.

ನಮ್ಮ ರಾಯರು ಆ ಪಂಗಡಕ್ಕೆ ಸೇರಿದವರು. ನಿಜವಾದ ಹೆಸರು ಬೇಡ. ಕನ್ನಡ ಸಂಘದಲ್ಲಿ ಎಲ್ಲರೂ ಕರೆಯುವುದು ‘ಎಕ್ಸಾಮಿನರ್ ರಾಯರು’ ಎಂದೇ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಈ ದೇಶಕ್ಕೆ ಬಂದು, ಪೌರತ್ವ ಕೈಗೆ ಸಿಕ್ಕ ಮೇಲೆ (ಪೌರರಲ್ಲದವರಿಗೆ ಆ ಕೆಲಸವಿಲ್ಲ) ಆ ಕುರ್ಚಿ ಹಿಡಿದವರು ಇನ್ನೂ ಎದ್ದಿಲ್ಲ. ಕುರ್ಚಿ ಈಗ ಮನೆಯ ನೆಲಮಾಳಿಗೆಯಲ್ಲಿದೆ. ಇಲಾಖೆ ಮನೆಯಿಂದಲೇ ಕೆಲಸ ಮಾಡಲು ಬಿಟ್ಟು ಎಷ್ಟೋ ವರ್ಷಗಳಾದವು.

ಪೇಟೆಂಟ್ ಎಂದರೆ ರಾಕೆಟ್, ಕ್ಯಾನ್ಸರ್ ಔಷಧಿ, ಮಡಚುವ ಫೋನು ಎಂದು ನೀವಂದುಕೊಂಡರೆ ರಾಯರು ಮೆಲ್ಲಗೆ ತಲೆಯಾಡಿಸುತ್ತಾರೆ. ಅವರ ಪಾಲಿಗೆ ಬಂದಿರುವುದು ಕೂತು ಓಡಿಸುವ ಲಾನ್ ಮೋವರ್. ಅದರಲ್ಲೂ ಎಂಜಿನ್ನಲ್ಲ, ಬ್ಲೇಡಲ್ಲ, ಸ್ಟೀರಿಂಗ್. ವರ್ಗೀಕರಣದಲ್ಲಿ ಎ01ಡಿ ಎಂದರೆ ಕೊಯ್ಲು ಮತ್ತು ಹುಲ್ಲು ಕತ್ತರಿಸುವುದು, ಬಿ62ಡಿ ಎಂದರೆ ವಾಹನ. ಇವೆರಡರ ನಡುವಿನ ಬದುವಿನ ಮೇಲೆ ರಾಯರ ಸಂಸಾರ. ಯಾರದೋ ಗೃಹಪ್ರವೇಶದಲ್ಲಿ ಪರಿಚಯವಾದವರು ಇದನ್ನು ಕೇಳಿ ಒಂದು ಕ್ಷಣ ಸುಮ್ಮನಾಗಿ, ಸಮಾಧಾನಕ್ಕೆಂಬಂತೆ ‘ಐನ್‌ಸ್ಟೈನ್ ಕೂಡ ಪೇಟೆಂಟ್ ಆಫೀಸಿನಲ್ಲೇ ಇದ್ದರಲ್ವಾ?’ ಎನ್ನುತ್ತಾರೆ. ರಾಯರು ಇದಕ್ಕೇ ಕಾದಿರುತ್ತಾರೆ. ‘ಇದ್ದರು. ಬರ್ನ್‌ನಲ್ಲಿ, 1902ರಿಂದ 1909ರವರೆಗೆ. ಆದರೆ ಯಂತ್ರಶಾಸ್ತ್ರ ಪೂರ್ತಿ ಕರಗತವಾಗಲಿ ಅಂತ ಬಡ್ತಿ ತಡೆಹಿಡಿದಿದ್ದರು. ಎರಡನೇ ದರ್ಜೆಗೆ ಏರಿಸಿದ್ದು 1906ರಲ್ಲಿ’ ಎಂದು, ಸಾಪೇಕ್ಷತಾ ಸಿದ್ಧಾಂತಕ್ಕಿಂತ ಆ ಬಡ್ತಿಯ ಕಡತವೇ ಹೆಚ್ಚು ರೋಚಕ ಎನ್ನುವ ಧಾಟಿಯಲ್ಲಿ ಹೇಳಿ ಪಾಯಸದ ಲೋಟ ಎತ್ತಿಕೊಳ್ಳುತ್ತಾರೆ.

ಹುಲ್ಲು ಕತ್ತರಿಸುವ ಗಾಡಿಯ ಸ್ಟೀರಿಂಗಿನಲ್ಲಿ ಕಂಡುಹಿಡಿಯಲು ಏನಿದೆ ಎಂದು ಒಮ್ಮೆ ಕೇಳಿಬಿಟ್ಟೆ. ಕೇಳಬಾರದಿತ್ತು ಅನ್ನುವುದಿಲ್ಲ, ಕಾಫಿ ಆಗುವ ಮುಂಚೆ ಕೇಳಬಾರದಿತ್ತು. ಕಥೆ 1830ರಿಂದ ಶುರುವಾಯಿತು. ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ ಎಂಬವರು, ಉಣ್ಣೆ ಬಟ್ಟೆಯ ಜೂಲು ಕತ್ತರಿಸುವ ಯಂತ್ರ ನೋಡಿ ಹುಲ್ಲಿಗೂ ಅದನ್ನೇ ಮಾಡಿದರು. ಹಳ್ಳಿಯ ಶ್ರೀಮಂತರಿಗೆ ಇದು ಒಳ್ಳೆಯ ವ್ಯಾಯಾಮ ಎಂದೂ ಬರೆದರು. ಮುಂದಿನವರು ಮಾಡಿದ ಸಂಶೋಧನೆಯೆಲ್ಲ ಆ ವ್ಯಾಯಾಮವನ್ನು ತಪ್ಪಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆಯೇ. ಮೊದಲು ಹಿಂದೆ ನಡೆದರು, ಆಮೇಲೆ ಮೇಲೆ ಕೂತರು. ಕೂತ ಮೇಲೆ ತಿರುಗಿಸಬೇಕಲ್ಲ! ಮುಂದಿನ ಚಕ್ರ ತಿರುಗಿಸುವುದಾದರೆ ಆಕರ್‌ಮನ್ ವಿಧಾನ. ‘1818ರ ಪೇಟೆಂಟು. ಆಕರ್‌ಮನ್ ಲಂಡನ್ನಿನಲ್ಲಿ ಪುಸ್ತಕ, ಚಿತ್ರಪಟ ಅಚ್ಚು ಹಾಕಿ ಮಾರುತ್ತಿದ್ದವರು. ಕಂಡುಹಿಡಿದದ್ದು ಮ್ಯೂನಿಕ್‌ನ ಗಾಡಿ ಮಾಡುವವರು, ಲಾಂಕೆನ್‌ಸ್ಪೆರ್ಗರ್. ಇವರು ಬರೀ ಏಜೆಂಟು. ಇವತ್ತಿಗೂ ಹೆಸರು ಏಜೆಂಟರದೇ’ ಎಂದು ರಾಯರು ಇನ್ನೂರು ವರ್ಷದ ಹಿಂದಿನ ಅನ್ಯಾಯಕ್ಕೆ ಈಗಷ್ಟೇ ಆದಂತೆ ಮರುಗಿದರು.

ಆದರೆ ಮರದ ಬುಡ ಬಂದಾಗ ಆಕರ್‌ಮನ್ ಸಾಲದು; ಸುತ್ತಲೂ ಬಳೆಯಷ್ಟು ಹುಲ್ಲು ಉಳಿದುಬಿಡುತ್ತದೆ. ಅದಕ್ಕೇ ನಿಂತಲ್ಲೇ ಗಿರಕಿ ಹೊಡೆಯುವ ‘ಝೀರೋ ಟರ್ನ್’ ಗಾಡಿ. 1949ರಲ್ಲಿ ಮಿಸೂರಿಯ ಮ್ಯಾಕ್ಸ್ ಸ್ವಿಷರ್, 1960ರ ದಶಕದಲ್ಲಿ ಕಾನ್ಸಾಸ್‌ನ ಜಾನ್ ರೇಗಿಯರ್ ಈ ದಾರಿ ತುಳಿದವರು. ಈಗಿನ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಹೈಡ್ರಾಲಿಕ್ ಪಂಪು, ತೊಡೆಯ ಮೇಲೆ ಬಂದು ನಿಲ್ಲುವ ಎರಡು ಲಿವರು. ಎರಡನ್ನೂ ಮುಂದೊತ್ತಿದರೆ ಮುಂದೆ. ಎಡಗಡೆಯದನ್ನು ಮುಂದೊತ್ತಿ ಬಲಗಡೆಯದನ್ನು ಹಿಂದೆಳೆದರೆ ಗಾಡಿ ಗಡಿಯಾರದ ಮುಳ್ಳಿನಂತೆ ಬಲಕ್ಕೆ ಸುತ್ತುತ್ತದೆ. ಮುಂದಿನ ಪುಟ್ಟ ಚಕ್ರಗಳಿಗೆ ಸ್ವಂತ ಅಭಿಪ್ರಾಯವಿಲ್ಲ, ಎಳೆದ ಕಡೆ ಹೊರಳುತ್ತವೆ. ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿತೆಂದರೆ ಸ್ಟೀರಿಂಗೂ ಹೋಯಿತು.

ಲಿವರು ಬೇಡ, ಕಾರಿನ ಹಾಗೆ ಚಕ್ರವೇ ಇರಲಿ ಎನ್ನುವ ಸಂಶೋಧಕರದು ಇನ್ನೊಂದು ಪಂಥ. ಅಲ್ಲಿನ ತೊಡಕು ನಿಜಕ್ಕೂ ಸ್ವಾರಸ್ಯದ್ದು. ಕಾರನ್ನು ಹಿಂದಕ್ಕೆ ಬಿಡುವಾಗ ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಗಾಡಿಯ ಹಿಂಭಾಗ ಬಲಕ್ಕೆ ಹೋಗುತ್ತದೆ. ಎರಡು ಪಂಪಿನ ಗಾಡಿಗೆ ಸುಮ್ಮನೆ ಒಂದು ಚಕ್ರ ಜೋಡಿಸಿದರೆ ಅದು ಹಿಂದಕ್ಕೆ ಹೋಗುವಾಗ ಉಲ್ಟಾ ಹೊಡೆಯುತ್ತದೆ. ಬಲಕ್ಕೆ ತಿರುಗಿಸಿದಿರೋ ಹಿಂಭಾಗ ಎಡಗಡೆಯ ಗುಲಾಬಿ ಪಾತಿಗೆ. ಹಿಂದಕ್ಕೆ ಹೋಗುವಾಗ ಮಾತ್ರ ಎಡಬಲ ಅದಲುಬದಲಾಗಬೇಕು, ನಿಂತಾಗ ಚಕ್ರ ತಿರುಗಿಸಿದರೆ ಗಾಡಿ ಅಲ್ಲಾಡಬಾರದು, ಇದೆಲ್ಲ ಕಡ್ಡಿ, ಕ್ಯಾಮ್, ಗೇರುಗಳಲ್ಲೇ ಆಗಬೇಕು. ಈ ಒಂದು ತೊಡಕಿನಿಂದ ಎಷ್ಟು ಅರ್ಜಿ ಹುಟ್ಟಿದವೋ, ರಾಯರ ಮನೆಯ ಸಾಲ ತೀರುತ್ತಿರುವುದೇ ಅದರಿಂದ.

ಅರ್ಜಿಯ ಜೀವ ಇರುವುದು ಕ್ಲೇಮಿನಲ್ಲಿ. ಕ್ರಯಪತ್ರದಲ್ಲಿ ಚಕ್ಕುಬಂದಿ ಹಾಕುವಂತೆ ಇದು. ಇಲ್ಲಿಂದ ಇಲ್ಲಿಯವರೆಗೆ ನನ್ನದು, ಒಳಗೆ ಕಾಲಿಟ್ಟರೆ ಕೇಸು. ಒಂದು ಕ್ಲೇಮು ಎಷ್ಟುದ್ದವಿದ್ದರೂ ಒಂದೇ ವಾಕ್ಯವಾಗಿರಬೇಕು, ಪೂರ್ಣವಿರಾಮ ಕೊನೆಯಲ್ಲಿ ಮಾತ್ರ. ಪುಟಗಟ್ಟಲೆ ಉಸಿರು ಬಿಡದ ಆ ವಾಕ್ಯಗಳನ್ನು ಓದಿ ಓದಿ ರಾಯರು ಮಾತಿನ ಮಧ್ಯೆ ನಿಲ್ಲಿಸುವುದನ್ನೇ ಮರೆತಿದ್ದಾರೆ. ವಕೀಲರು ಸಾಧ್ಯವಾದಷ್ಟು ಅಗಲಕ್ಕೆ ಬೇಲಿ ಹಾಕುತ್ತಾರೆ, ರಾಯರು ಅಗಲಕ್ಕೇ ಓದಿ, ‘ಇಷ್ಟು ಅಗಲದೊಳಗೆ ಹಳೆಯ ಬುಲ್ಡೋಜರೂ ಬಂತು, ಯುದ್ಧದ ಟ್ಯಾಂಕೂ ಬಂತು’ ಎಂದು 102ನೇ ಕಲಮಿನಡಿ ತಿರಸ್ಕರಿಸುತ್ತಾರೆ. ಬೇಲಿ ಸ್ವಲ್ಪ ಒಳಕ್ಕೆ ಬಂದರೆ 103: ಹೊಸದಿರಬಹುದು, ಆದರೆ ಯಾರಿಗಾದರೂ ಹೊಳೆಯುವಂಥದ್ದು. ಆಗ ಎರಡು ದಾಖಲೆ ಜೋಡಿಸಬೇಕು. ರಾಯರಿಗೆ ಪ್ರಿಯವಾದದ್ದು ಮಿನೆಸೋಟದ ಕೆಲ್ಲರ್ ಸೋದರರು 1957ರಲ್ಲಿ ಕಟ್ಟಿದ ಪುಟ್ಟ ಲೋಡರ್. ಟರ್ಕಿ ಕೋಳಿಯ ಕೊಟ್ಟಿಗೆಯಲ್ಲಿ ಗೊಬ್ಬರ ಬಾಚಲು, ಇಕ್ಕಟ್ಟಿನಲ್ಲೇ ತಿರುಗಲಿ ಎಂದು ಮಾಡಿದ್ದು. ಹೊಳೆಹೊಳೆಯುವ ಹೊಸ ಮೋವರಿನ ಸಂಶೋಧಕರಿಗೆ, ನಿಮ್ಮ ಗಾಡಿಯ ತಾತ ಕೋಳಿ ಹಿಕ್ಕೆ ಎತ್ತುತ್ತಿದ್ದ ಎಂದು ಸರ್ಕಾರಿ ಭಾಷೆಯಲ್ಲಿ ತಿಳಿಸುವುದರಲ್ಲಿ ಅವರಿಗೊಂದು ಸಾತ್ವಿಕ ಆನಂದವಿದೆ. ಉತ್ತರವಾಗಿ ವಕೀಲರು ‘ಅರ್ಜಿದಾರರು ಗೌರವಪೂರ್ವಕವಾಗಿ ಒಪ್ಪುವುದಿಲ್ಲ’ ಎಂದು ಶುರು ಮಾಡುತ್ತಾರೆ. ಆ ‘ಗೌರವಪೂರ್ವಕ’ದಲ್ಲಿ ಬೈಗುಳ ಎಷ್ಟಿದೆ ಎಂದು ರಾಯರು ಮೊದಲ ಸಾಲಿನಲ್ಲೇ ಅಳೆಯಬಲ್ಲರು.

ಯಾರಿಗಾದರೂ ಹೊಳೆಯುತ್ತಿತ್ತು ಎಂದರೆ ಯಾರಿಗೆ? ಕಾನೂನು ಒಬ್ಬ ಕಾಲ್ಪನಿಕ ಮನುಷ್ಯನನ್ನು ಸಾಕಿಕೊಂಡಿದೆ. ಆತ ಸಾಧಾರಣ ಕಸುಬುದಾರ. ಬುದ್ಧಿ ಸಾಧಾರಣ, ಆದರೆ ತನ್ನ ಕಸುಬಿನ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಏನೇ ಅಚ್ಚಾಗಿದ್ದರೂ ಅಷ್ಟನ್ನೂ ತಿಳಿದವನೆಂದು ಲೆಕ್ಕ. ಬಹಳ ಕಾಲ ಈತನಿಗೆ ಸ್ವಂತ ಕಲ್ಪನೆ ಎಂಬುದೇ ಇಲ್ಲದಂತೆ ನಡೆಸಿಕೊಂಡರು. 2007ರಲ್ಲಿ ಕಾರಿನ ಆಕ್ಸಿಲರೇಟರ್ ಪೆಡಲಿನ ಕೇಸೊಂದರಲ್ಲಿ ಸುಪ್ರೀಂ ಕೋರ್ಟು, ಪಾಪ ಅವನೂ ಯಂತ್ರವಲ್ಲ, ಅವನಿಗೂ ಸಾಧಾರಣ ಕಲ್ಪನಾಶಕ್ತಿ ಇರುತ್ತದೆ ಎಂದಿತು. ಅಂದಿನಿಂದ ತಿರಸ್ಕರಿಸುವುದು ಸಲೀಸಾಯಿತು. ರಾಯರು ಈ ಮನುಷ್ಯನ ಬಗ್ಗೆ ಸೋದರಮಾವನ ಬಗ್ಗೆ ಮಾತಾಡುವಂತೆ ಮಾತಾಡುತ್ತಾರೆ. ‘ಅವನಿಗೆ ಇದು ಹೊಳೀತಿತ್ತು’ ಎಂದು ಮೊನ್ನೆ ಊಟದ ಮಧ್ಯೆ ಅಂದಾಗ ಹೊಸಬರೊಬ್ಬರು ‘ಯಾರಿಗೆ?’ ಎಂದು ಬಾಗಿಲ ಕಡೆ ನೋಡಿದರು.

ಸಂಘದ ಯುಗಾದಿಯಲ್ಲಿ ಹಿರಿಯರೊಬ್ಬರು, ‘ನಿಂತಲ್ಲೇ ತಿರುಗೋದು ಏನು ಮಹಾ? ನಮ್ಮ ಪುಷ್ಪಕ ವಿಮಾನಕ್ಕೆ ಸ್ಟೀರಿಂಗೇ ಇರಲಿಲ್ಲ, ಮನಸ್ಸಿನಲ್ಲಿ ನೆನೆದರೆ ಸಾಕಿತ್ತು’ ಎಂದರು. ಬೇರೆ ಯಾರೇ ಆಗಿದ್ದರೂ ನಗುತ್ತಿದ್ದರು, ಇಲ್ಲವೇ ಕೈಮುಗಿಯುತ್ತಿದ್ದರು. ರಾಯರು ಎರಡೂ ಮಾಡಲಿಲ್ಲ. ಪೆನ್ನು ತೆಗೆದು ‘ತಾರೀಖು?’ ಎಂದರು.

‘ತ್ರೇತಾಯುಗ.’

‘ಸರಿ, ಅರ್ಜಿಗಿಂತ ಮುಂಚಿನದೇ, ತಕರಾರಿಲ್ಲ. ಆದರೆ ಓದಿದ ಕಸುಬುದಾರ ಕೂತು ಮಾಡಿಕೊಳ್ಳುವಷ್ಟು ವಿವರ ಇರಬೇಕಲ್ಲ? ಮನಸ್ಸಿಗೂ ರೆಕ್ಕೆಗೂ ನಡುವೆ ಲಿಂಕೇಜು ಯಾವುದು?’

ಹಿರಿಯರು ಬೇವುಬೆಲ್ಲ ಬಿಟ್ಟು ಎದ್ದು ಹೋದರು. ರಾಯರಿಗೆ ನಿಜಕ್ಕೂ ಬೇಸರವಾಯಿತು. ಒಂದು ಶ್ಲೋಕ, ಒಂದು ಸಾಲಿನ ಸಂಖ್ಯೆ ಸಿಕ್ಕಿದ್ದರೆ ಖಂಡಿತ ಹಾಕುತ್ತಿದ್ದೆ ಎಂದು ನನ್ನ ಬಳಿ ಹಳಹಳಿಸಿದರು. ಹಾಕುತ್ತಿದ್ದರು ಎಂದೇ ನನ್ನ ನಂಬಿಕೆ.

ಮನೆಯಲ್ಲಿ ಇವರ ಆಟ ಅಷ್ಟಾಗಿ ನಡೆಯುವುದಿಲ್ಲ. ಬಿಸಿಬೇಳೆಬಾತಿಗೆ ಗೋಡಂಬಿಯ ಬದಲು ಶೇಂಗಾ ಬಿದ್ದಾಗ, ಒಂದು ಪರಿಚಿತ ವಸ್ತುವಿನ ಬದಲು ಇನ್ನೊಂದು ಹಾಕುವುದರಲ್ಲಿ ಸಂಶೋಧನೆಯೇನೂ ಇಲ್ಲ ಎಂದರು. ಇಷ್ಟು ವರ್ಷ ಕೇಳಿಸಿಕೊಂಡೇ ಅರ್ಧ ವಕೀಲೆಯಾಗಿರುವ ಅವರ ಹೆಂಡತಿ, ‘ಅನಿರೀಕ್ಷಿತ ಫಲಿತಾಂಶ ಬಂದರೆ ಕೊಡಬೇಕು ಅಂತ ನೀವೇ ಹೇಳಿದ್ದು. ತಿಂದು ಮಾತಾಡಿ’ ಎಂದರು. ಎರಡನೇ ಸಲ ಬಡಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ‘ಆ ಡಬ್ಬಿ ಕೊಡಿ’ ಎಂದು ಯಾರಾದರೂ ಅಂದರೆ ಮಾತ್ರ ಇವತ್ತಿಗೂ ಕೊಡುವುದಿಲ್ಲ; ‘ಆ ಡಬ್ಬಿ ಅಂದರೆ? ಮೊದಲು ಒಂದು ಡಬ್ಬಿ ಇದೆ ಅಂತ ಹೇಳಬೇಕು, ಆಮೇಲೆ ಆ ಡಬ್ಬಿ.’ ಇದು 112ನೇ ಕಲಮು, ಅಸ್ಪಷ್ಟತೆ. ವರ್ಜೀನಿಯಾದಲ್ಲಿ ಹದಿನೈದೂವರೆಗೆ ಕಾರು ಕಲಿಯುವ ಪರ್ಮಿಟ್ ಸಿಗುತ್ತದೆ. ಮಗಳು ಕಲಿತು ಲೈಸೆನ್ಸೂ ತಂದಳು. ಗೆಳತಿಯ ಮನೆಗೆ ಕಾರು ಒಯ್ಯುತ್ತೇನೆ, ಬೇಗ ಬರುತ್ತೇನೆ ಎಂದಾಗ ಅದೇ ಕಲಮು ಬಿತ್ತು. ‘ಬೇಗ’ಕ್ಕೆ ಮಿತಿಯೇನು? ಅವಳು ತಿದ್ದುಪಡಿ ಕೊಟ್ಟಳು: 10 ಗಂಟೆಗೆ. ರಾಯರು ಒಪ್ಪಿ ಬೀಗದ ಕೈ ಕೊಟ್ಟರು. ಅವಳು ಬಂದದ್ದು ಮರುದಿನ ಬೆಳಿಗ್ಗೆ 9.50ಕ್ಕೆ, ಪದಗಳನ್ನು ಸಾಧ್ಯವಾದಷ್ಟು ಅಗಲಕ್ಕೆ ಓದಬೇಕೆಂದು ಹೇಳಿಕೊಟ್ಟವರು ಯಾರು ಎಂದು ಕೇಳಿದಳಂತೆ. ಆಮೇಲೆ ರಾಯರು ‘ಇನ್ನು ಕಾರು ಇಲ್ಲ, ಇದೇ ಫೈನಲ್’ ಎಂದರು. ಅವರ ಇಲಾಖೆಯಲ್ಲಿ ಫೈನಲ್ ರಿಜೆಕ್ಷನ್ ಆದ ಮೇಲೂ ಶುಲ್ಕ ಕಟ್ಟಿ ಮತ್ತೆ ಪರಿಶೀಲಿಸಿ ಎನ್ನಬಹುದು. ಮನೆಯಲ್ಲೂ ಹಾಗೇ ಆಯಿತು. ಶುಲ್ಕ, ಎರಡು ವಾರ ಪಾತ್ರೆ ತೊಳೆಯುವುದು.

ಇಷ್ಟೆಲ್ಲ ಇದ್ದೂ ರಾಯರು ಮೋವರ್ ಮೇಲೆ ಕೂತವರಲ್ಲ. ಅವರದು ಟೌನ್‌ಹೌಸ್; ಮುಂದಿರುವ ಹುಲ್ಲಿನ ಮೇಲೆ ಮಂಚ ಹಾಕಿದರೆ ಉಳಿಯುವುದು ಕಾಲುದಾರಿ, ಅದನ್ನೂ ಗುತ್ತಿಗೆಯವರು ಬಂದು ಕತ್ತರಿಸುತ್ತಾರೆ. ಐದು ಎಕರೆಯ ಪರಿಚಯಸ್ಥರೊಬ್ಬರು ಊಟಕ್ಕೆ ಕರೆದು, ಹೊಸ ಝೀರೋ ಟರ್ನ್ ತೋರಿಸಿ ಓಡಿಸಿ ನೋಡಿ ಎಂದರು. ರಾಯರು ಸುತ್ತ ಒಂದು ಪ್ರದಕ್ಷಿಣೆ ಬಂದರು. ಪೇಟೆಂಟ್ ಚಿತ್ರಗಳಲ್ಲಿ ಪ್ರತಿ ಭಾಗಕ್ಕೂ ಒಂದು ನಂಬರು ಇರುತ್ತದೆ. ಇವರಿಗೆ ಭಾಗಗಳು ಗೊತ್ತಿರುವುದು ನಂಬರಿನಿಂದಲೇ. ‘ಚಾಸಿ 12, ಸೀಟು 16’ ಎಂದು ಹತ್ತಿ ಕೂತು, ಲಿವರುಗಳನ್ನು ಒಳಕ್ಕೆಳೆದು, ‘ಎಡಗೈ 22, ಬಲಗೈ 24’ ಎಂದು ಎರಡನ್ನೂ ಮುಂದೊತ್ತಿದರು.

ಗಾಡಿ ಚಿಮ್ಮಿತು. ರಾಯರ ಬೆನ್ನು ಹಿಂದಕ್ಕೆ ಹೋಯಿತು, ಬೆನ್ನಿನ ಜೊತೆ ಕೈ, ಕೈಯ ಜೊತೆ ಲಿವರು. ಗಾಡಿ ಗಕ್ಕನೆ ಹಿಂದಕ್ಕೆ ಬಂತು. ಮೈ ಮುಂದಕ್ಕೆ ವಾಲಿತು, ಲಿವರೂ ಮುಂದಕ್ಕೆ, ಗಾಡಿ ಮತ್ತೆ ಚಿಮ್ಮಿತು. ಹೀಗೆ ಮುಂದೆ ಹಿಂದೆ ಕುಕ್ಕುತ್ತ, ಯಾರು ಯಾರನ್ನು ಓಡಿಸುತ್ತಿದ್ದಾರೆಂದು ತಿಳಿಯದ ಸ್ಥಿತಿಯಲ್ಲಿ ರಾಯರು ‘ಡ್ಯಾಂಪರ್! ಡ್ಯಾಂಪರ್!’ ಎಂದು ಕೂಗುತ್ತಿದ್ದರು. ಆ ಮನೆಯವರು ಅದು ಕನ್ನಡದಲ್ಲಿ ಯಾವುದೋ ದೇವರ ಹೆಸರೆಂದುಕೊಂಡರು. ಕೊನೆಗೆ ಸೀಟಿನಿಂದ ಅರ್ಧ ಎದ್ದರು. ಕೂತವರು ಎದ್ದರೆ ಎಂಜಿನ್ ನಿಲ್ಲುವ ಸ್ವಿಚ್ಚು ಸೀಟಿನಡಿ ಇರುತ್ತದಲ್ಲ, ಅದು ಬದುಕಿಸಿತು.

ವಾಪಸು ಬರುವಾಗ ಕಾರಿನಲ್ಲಿ ಬಾಯಿಬಿಟ್ಟರು. ಈ ಕುಕ್ಕಾಟವನ್ನೇ ತಡೆಯಲು ಲಿವರಿಗೆ ಡ್ಯಾಂಪರ್ ಹಾಕಿದ ಅರ್ಜಿಯೊಂದು ಅವರ ಮೇಜಿನ ಮೇಲಿತ್ತಂತೆ. ಓಡಿಸುವವರ ಮೈ ಹೇಗೆ ತೂಗಾಡುತ್ತದೆಂದು ಅದರಲ್ಲಿ ಒಂದು ಪ್ಯಾರಾ ಪೂರ್ತಿ ಬರೆದಿದ್ದರಂತೆ. ಇವರು ಅದನ್ನು 103ರಡಿ ತಳ್ಳಿಹಾಕಿದ್ದರು.

‘ಹಾಗಾದರೆ ಈಗ ಕೊಡುತ್ತೀರಾ?’ ಎಂದೆ.

‘ಯಾಕೆ?’ ಎಂದು ಸೊಂಟ ಒತ್ತಿಕೊಂಡರು. ‘ತೊಂದರೆ ನಿಜ. ಪರಿಹಾರ ಹಳೆಯದು.’

ಆ ಸೊಂಟನೋವಿನಲ್ಲೇ ಅವರಿಗೊಂದು ಉಪಾಯ ಹೊಳೆಯಿತು, ಸ್ವಂತದ್ದು. ಏನೆಂದು ನನಗೆ ಹೇಳಲಿಲ್ಲ. ನೀವು ಪತ್ರಿಕೆಗೆ ಬರೆಯುವವರು, ನಿಮಗೆ ಹೇಳಿದರೆ ಬಹಿರಂಗವಾದಂತೆಯೇ ಎಂದರು. ಅರ್ಜಿ ಹಾಕಲು ಅವರಿಗೆ ಹಾದಿಯಿಲ್ಲ. ಇಲಾಖೆಯ ನೌಕರರು ಕೆಲಸದಲ್ಲಿರುವಷ್ಟು ಕಾಲ, ಬಿಟ್ಟ ಮೇಲೂ ಒಂದು ವರ್ಷ, ಪೇಟೆಂಟಿಗೆ ಅರ್ಜಿ ಹಾಕುವಂತಿಲ್ಲ. ಯಾರದೇ ಪೇಟೆಂಟನ್ನು ಪಡೆಯುವಂತೆಯೂ ಇಲ್ಲ, ಪಿತ್ರಾರ್ಜಿತವಾಗಿಯೋ ಉಯಿಲಿನಿಂದಲೋ ಬಂದರೆ ಹೊರತು. ರಾಯರ ತಂದೆ ಬಿಟ್ಟುಹೋದದ್ದು ಎರಡು ಎಕರೆ ಖುಷ್ಕಿ ಜಮೀನು, ಅದರಲ್ಲೂ ದಾಯಾದಿ ವ್ಯಾಜ್ಯ. ಆದ್ದರಿಂದ ರಾಯರು ನಿವೃತ್ತಿಗೆ ಉಳಿದ ವರ್ಷಕ್ಕೆ ಒಂದು ಕೂಡಿಸಿ ಕಾಯತೊಡಗಿದರು. ಗುಟ್ಟನ್ನು ಹೆಂಡತಿಗೂ ಹೇಳಲಿಲ್ಲ. ಊಟದ ಮಧ್ಯೆ ಎರಡೂ ಕೈಯನ್ನು ತೊಡೆಯ ಮೇಲಿಟ್ಟು ಮುಂದೆ ಹಿಂದೆ ಆಡಿಸುತ್ತ ಕೂರುವುದನ್ನು ನೋಡಿ ಆಕೆ ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳಿದರು.

ಆಮೇಲೊಂದು ಭಾನುವಾರ ಹೋದಾಗ ರಾಯರು ನೆಲಮಾಳಿಗೆಯಿಂದ ಹಬ್ಬದ ಮುಖ ಮಾಡಿಕೊಂಡು ಮೇಲೆ ಬಂದರು. ಕೈಯಲ್ಲೊಂದು ಪ್ರಿಂಟೌಟು. ತಡೆಯಲಾರದೆ ತಮ್ಮ ಉಪಾಯವನ್ನು ತಾವೇ ಹುಡುಕಿದ್ದಾರೆ. ಯಾರೋ ರೈತ ತನ್ನ ಟ್ರ್ಯಾಕ್ಟರಿಗೆಂದು ಅದನ್ನೇ ಮಾಡಿ, ಚಿತ್ರ ಬರೆದು, ನಂಬರು ಹಾಕಿ, ಪೇಟೆಂಟಿನ ಅವಧಿಯೂ ಮುಗಿದು ಎಷ್ಟೋ ಕಾಲವಾಗಿದೆ. ‘ನೋಡಿ, ನೋಡಿ, ಮೂರನೇ ಕಾಲಂ, ಹದಿನಾಲ್ಕನೇ ಸಾಲು! ಒಂದು ಅಕ್ಷರ ಬಿಟ್ಟಿಲ್ಲ ಪುಣ್ಯಾತ್ಮ!’ ಎಂದು ಆ ಸಾಲಿನ ಕೆಳಗೆ ಹಳದಿ ಬಣ್ಣ ಎಳೆದರು.

ನಿಮ್ಮ ಉಪಾಯ ಹೋಯಿತಲ್ಲ ರಾಯರೇ ಎಂದು ನಾನು ಲೊಚಗುಟ್ಟಿದೆ.

‘ಹೋಗುವುದೇನು?’ ಎಂದರು ರಾಯರು, ಕನ್ನಡಕ ಮೇಲಕ್ಕೇರಿಸಿ. ‘ಇದು ನಾನ್-ಫೈನಲ್.’