ಮನೆಗೆ ಹೊರಟು ಇನ್ನೂ ತಲುಪದ ಕಾರಿನ ಮಾಲೀಕರಿಗೊಂದು ಬಹಿರಂಗ ಪತ್ರ

ಗೆ,
ಹಡಗೇರಿ ಬಂದು, ನೋಂದಣಿಯಾಗದೆ ಓಡಾಡುತ್ತಿರುವ ಐಷಾರಾಮಿ ಕಾರಿನ ಸನ್ಮಾನ್ಯ ಮಾಲೀಕರು
(ವಿಳಾಸ: ಸದ್ಯಕ್ಕೆ ತಾತ್ಕಾಲಿಕ)

ವಿಷಯ: ಬಂದರಿನಿಂದ ಮನೆಗೆ ಹೊರಟ ಕಾರು ಈವರೆಗೂ ತಲುಪದೇ ಇರುವ ಬಗ್ಗೆ.

ಮಾನ್ಯರೇ,

ಚೆನ್ನೈ ಬಂದರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ತಾತ್ಕಾಲಿಕ ನೋಂದಣಿಗೆ ಈಗ ಕಾನೂನು ಕೊಡುವ ಅವಧಿ ಆರು ತಿಂಗಳು. ಆ ಅವಧಿಯನ್ನೆಲ್ಲ ಮನೆ ಸೇರುವುದಕ್ಕೇ ಬಳಸಿಕೊಂಡರೆ ಕಾರು ದಿನಕ್ಕೆ ಎರಡು ಕಿಲೋಮೀಟರ್ ಕ್ರಮಿಸಿದಂತಾಗುತ್ತದೆ. ನಾಲ್ಕು ಸೆಕೆಂಡಿನೊಳಗೆ ನೂರರ ವೇಗ ಮುಟ್ಟುವ ಕಾರಿಗೆ ಇದು ಅಸಾಮಾನ್ಯ ಸಂಯಮ. ಆದರೆ ಸಾರ್ವಜನಿಕರ ಕಣ್ಣಿಗೆ ಕಂಡ ಚಿತ್ರವೇ ಬೇರೆ. ಭಾನುವಾರದ ನಸುಕಿನಲ್ಲಿ ನಂದಿಬೆಟ್ಟದ ತಿರುವು, ಶುಕ್ರವಾರ ರಾತ್ರಿ ಪಬ್ಬಿನ ಬಾಗಿಲು, ನಡುವೆ ಒಂದು ಮದುವೆ ಆರತಕ್ಷತೆ. ಮಾನ್ಯರ ಮನೆಗೆ ಹೋಗುವ ದಾರಿ ಇಷ್ಟೆಲ್ಲ ಊರು ಸುತ್ತಿಕೊಂಡು ಹೋಗುತ್ತದೆ ಎಂಬುದು ನಗರದ ನಕ್ಷೆ ಬರೆದವರಿಗೆ ಗೊತ್ತಿರಲಿಲ್ಲ.

ಕಾನೂನು ಮಾನ್ಯರ ಕಡೆಗೇ ಇದೆ ಎಂದು ವಾದಿಸುವವರೂ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ನೋಂದಣಿಯಿಲ್ಲದ ವಾಹನ ರಸ್ತೆಗಿಳಿಯಕೂಡದು ಎನ್ನುತ್ತದೆ ನಿಜ. ಆದರೆ 43ನೇ ಕಲಂ ತಾತ್ಕಾಲಿಕ ನೋಂದಣಿಗೆ ಅವಕಾಶ ಕೊಡುತ್ತದೆ. ಕೇಂದ್ರ ನಿಯಮಗಳ 47ನೇ ನಿಯಮ ಇನ್ನೂ ಉದಾರ. ವಾಹನ ಕೈಸೇರಿದ ಏಳು ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು, ಆ ಏಳು ದಿನದ ಲೆಕ್ಕಕ್ಕೆ ಪ್ರಯಾಣದ ಅವಧಿಯನ್ನು ಹಿಡಿಯುವಂತಿಲ್ಲ. ಎಂದರೆ, ಪ್ರಯಾಣ ಮುಗಿಯದಿದ್ದರೆ ಏಳು ದಿನ ಶುರುವೇ ಆಗುವುದಿಲ್ಲ! ಇಂಥ ವ್ಯಾಖ್ಯಾನಕ್ಕೆ ಯಾವ ನ್ಯಾಯಾಲಯವೂ ಇನ್ನೂ ಮುದ್ರೆ ಒತ್ತಿದಂತಿಲ್ಲ, ಆದರೂ ಮಾನ್ಯರು ಅದನ್ನು ದಿನಾ ರಸ್ತೆಯಲ್ಲಿ ಮಂಡಿಸುತ್ತಿದ್ದಾರೆ.

ಈ ಸವಲತ್ತು ಯಾರಿಗೆ ಒದಗುತ್ತದೆ ಎಂದು ನೋಡಬೇಕಾದರೆ ಹೆದ್ದಾರಿಗೆ ಹೋಗಬೇಕು. ಕಾರ್ಖಾನೆಯಿಂದ ಲಾರಿಯ ಬರೀ ಚಾಸಿಸ್ ಓಡಿಸಿಕೊಂಡು ಬರುವ ಚಾಲಕರು ಅಲ್ಲಿ ಸಿಗುತ್ತಾರೆ. ಕ್ಯಾಬಿನ್ ಇಲ್ಲ, ಗಾಜಿಲ್ಲ. ಮುಖಕ್ಕೆ ಟವೆಲ್ ಸುತ್ತಿ, ಧೂಳು-ಬಿಸಿಲು ಎರಡನ್ನೂ ಎದೆಗೊಡ್ಡಿ, ನೂರಾರು ಮೈಲಿ ದಾಟಿ ಬಾಡಿ ಕಟ್ಟುವ ಶೆಡ್ಡಿಗೆ ಗಾಡಿ ಮುಟ್ಟಿಸುತ್ತಾರೆ. ಹೀಗೆ ಒಂದೂರಲ್ಲಿ ತಯಾರಾಗಿ ಇನ್ನೊಂದೂರಲ್ಲಿ ದುಡಿಯುವ ಗಾಡಿಗೆ ದಾರಿಖರ್ಚಿನಂತೆ ಕೊಟ್ಟ ಕಾಗದ ಅದು. ಚರ್ಮದ ಸೀಟು, ಹದಿನೆಂಟು ಸ್ಪೀಕರಿನ ಕಾರಿಗೂ ಅದೇ ಕಾಗದ ಸಾಕಾಯಿತು.

ಹಾಗೆಂದು ಸರ್ಕಾರ ವಿದೇಶಿ ಕಾರನ್ನು ಕಣ್ಣುಮುಚ್ಚಿ ಒಳಗೆ ಬಿಡುವುದಿಲ್ಲ. ಹೊಸ ಕಾರು ಆಮದಾಗಬೇಕಾದರೆ ಸ್ಟಿಯರಿಂಗ್ ಬಲಗಡೆ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರ್ ಲೆಕ್ಕದಲ್ಲೇ ಇರಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು, ಬೇರೆ ಯಾವ ದೇಶದಲ್ಲೂ ಅದು ನೋಂದಣಿಯಾಗಿರಬಾರದು. ಕೊನೆಯ ಷರತ್ತನ್ನು ಮಾನ್ಯರು ಶಿರಸಾವಹಿಸಿ ಪಾಲಿಸಿದ್ದಾರೆ. ಬೇರೆ ದೇಶ ಇರಲಿ, ಈ ದೇಶದಲ್ಲೂ ನೋಂದಣಿಯಾಗದಂತೆ ನೋಡಿಕೊಂಡಿದ್ದಾರೆ.

ಮಾನ್ಯರು ಜಿಪುಣರು ಎನ್ನುವಂತಿಲ್ಲ. 40,000 ಡಾಲರ್ ಮೀರಿದ ಕಾರಿಗೆ ಕಸ್ಟಮ್ಸ್‌ನಲ್ಲಿ ಎಲ್ಲ ಸೇರಿ ಶೇ 110 ಕಟ್ಟಬೇಕು. ಕಾರಿಗಿಂತ ಸುಂಕವೇ ದಪ್ಪ. ಅದರ ಮೇಲೆ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಶೇ 40. ಇಷ್ಟನ್ನು ಕಟ್ಟಿ ಹೊರಬಂದವರ ಮುಂದೆ ಕರ್ನಾಟಕದ ಆಜೀವ ತೆರಿಗೆ ನಿಂತಿರುತ್ತದೆ. 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 18, ಸೆಸ್ ಬೇರೆ. ಎರಡು ಕೋಟಿಯ ಕಾರಾದರೆ ಆರ್‌ಟಿಒ ಕೌಂಟರಿನಲ್ಲಿ 36 ಲಕ್ಷಕ್ಕೂ ಮೇಲೆ. ಇಷ್ಟು ಹಣ ಬಿಚ್ಚುವ ಮುಂಚೆ ಯಾರಿಗಾದರೂ ಒಂದೆರಡು ಸುತ್ತು ಯೋಚನೆ ಬರುವುದು ಸಹಜ. ಆ ಸುತ್ತುಗಳನ್ನು ಕಾರಿನಲ್ಲೇ ಹೊಡೆಯಬೇಕೆ ಎಂಬುದಷ್ಟೇ ಪ್ರಶ್ನೆ. ಇನ್ನು ಕೆಲವರಿಗೆ ತೆರಿಗೆಯ ಚಿಂತೆಯೂ ಇಲ್ಲ. ಹೊಸ ಸೀರೀಸ್ ಬಂದು, ಫ್ಯಾನ್ಸಿ ನಂಬರಿನ ಹರಾಜು ನಡೆದು, ಮನಸ್ಸಿಗೊಪ್ಪುವ ನಾಲ್ಕು ಅಂಕಿ ಕೈಗೆ ಬರಲಿ ಎಂದು ಕಾಯುತ್ತಿದ್ದಾರೆ. ಜ್ಯೋತಿಷಿಯ ಪ್ರಕಾರ ಕಾರಿಗೆ ಒಂಬತ್ತು ಕೂಡಿ ಬರಬೇಕು. ಅಲ್ಲಿಯವರೆಗೆ ಏನೂ ಇಲ್ಲದಿದ್ದರೂ ನಡೆಯುತ್ತದೆ.

ಆದರೆ ಒಂದು ಕಾರಿನ ವಿಷಯದಲ್ಲಿ ತಡೆದು ನಿಂತ ಮೊತ್ತ 36 ಲಕ್ಷವಲ್ಲ. 1,758 ರೂಪಾಯಿ.

ಜರ್ಮನಿಯಲ್ಲಿ ತಯಾರಾದ ಆ ಎಲೆಕ್ಟ್ರಿಕ್ ಪೋರ್ಷೆ ಟೈಕಾನ್ 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಒಬ್ಬ ಡೀಲರ್ ಮೂಲಕ ಬಂದು, ಕರ್ನಾಟಕದ ತಾತ್ಕಾಲಿಕ ನೋಂದಣಿ ಪಡೆದು, ಪುಣೆಗೆ ಹೋಯಿತು. ಮಹಾರಾಷ್ಟ್ರದಲ್ಲಿ ಎಲೆಕ್ಟ್ರಿಕ್ ಕಾರಿಗೆ ಆಗ ರಸ್ತೆ ತೆರಿಗೆ ಇರಲಿಲ್ಲ. ಉಳಿದದ್ದು ಸಾಲದ ದಾಖಲೆಗೆ 1,500, ಸ್ಮಾರ್ಟ್ ಕಾರ್ಡಿಗೆ 200, ಅಂಚೆ ವೆಚ್ಚಕ್ಕೆ 58. ಕಾರನ್ನು ಪುಣೆಯ ಆರ್‌ಟಿಒಗೆ ತಂದಾಗ ಶುಲ್ಕ ಕಟ್ಟಿಲ್ಲ ಎಂಬುದು ಕಂಡುಬಂತು, ಕಟ್ಟಿ ಬನ್ನಿ ಎಂದರು. ಆಮೇಲೆ ಕಾರು ಅತ್ತ ಸುಳಿಯಲೇ ಇಲ್ಲ ಎಂದು ಮಹಾರಾಷ್ಟ್ರದ ಸಾರಿಗೆ ಆಯುಕ್ತರೇ ಹೇಳಿದರು. ತಾತ್ಕಾಲಿಕ ನೋಂದಣಿಯ ಕಾರನ್ನು ಆರ್‌ಟಿಒಗೆ ಒಯ್ಯಲು, ಅಲ್ಲಿಂದ ತರಲು ಮಾತ್ರ ಓಡಿಸಬಹುದು ಎಂದೂ ಅವರು ನೆನಪಿಸಿದರು. ಆ ಕಾಗದದ ಅವಧಿ ಸೆಪ್ಟೆಂಬರ್‌ವರೆಗೆ ಇತ್ತು.

ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಆ ಕಾರು ಒಂದು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ, ಮಧ್ಯಪ್ರದೇಶದಿಂದ ದುಡಿಯಲು ಬಂದಿದ್ದ ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದವನಿಗೆ ಹದಿನೇಳು ವರ್ಷ ಎಂದು ಪೊಲೀಸರು ಹೇಳಿದರು. ಮುಂದಿನ ಬೆಳವಣಿಗೆಯನ್ನು ಇಡೀ ದೇಶ ಓದಿದೆ. ಬಾಲನ್ಯಾಯ ಮಂಡಳಿ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟಿತು. ಅದರ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ಜನ ಕೆರಳಿದ ಮೇಲೆ ಆದೇಶ ಬದಲಾಯಿತು.

ಈ ಪತ್ರ 300 ಪದಗಳನ್ನು ಆಗಲೇ ದಾಟಿದೆ ಎಂಬುದನ್ನು ಮಾನ್ಯರು ಗಮನಿಸಬೇಕು. ಬರೆದವರ ಮೇಲೆ ಯಾವ ಕೇಸೂ ಇಲ್ಲ.

ಶಿಕ್ಷೆಯ ಅಧ್ಯಾಯವೂ ಕುತೂಹಲಕರ. 2019ರಲ್ಲಿ ಸೇರಿಸಿದ 199ಎ ಕಲಂ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಇಲ್ಲಿ ರದ್ದು ಮಾಡಲು ಪೂರ್ಣ ನೋಂದಣಿಯೇ ಇರಲಿಲ್ಲ. ತಾತ್ಕಾಲಿಕ ನೋಂದಣಿಯನ್ನು ರದ್ದುಗೊಳಿಸಿ, ಹನ್ನೆರಡು ತಿಂಗಳು ಯಾವ ಆರ್‌ಟಿಒದಲ್ಲೂ ನೋಂದಣಿಗೆ ಅವಕಾಶ ಕೊಡುವುದಿಲ್ಲ ಎಂದು ಅಧಿಕಾರಿಗಳು ಹೇಳಬೇಕಾಯಿತು. ಯಾವುದನ್ನು ಮಾಡಿಸದೆ ತಿರುಗಿದರೋ ಅದನ್ನೇ ಮಾಡಿಕೊಡುವುದಿಲ್ಲ ಎಂಬ ಶಿಕ್ಷೆ!

ಅದೇ ಮೇ ತಿಂಗಳಲ್ಲಿ ಕರ್ನಾಟಕದ ಸ್ಕೂಟರ್ ಸವಾರರು ಏನು ಮಾಡುತ್ತಿದ್ದರು ಎಂದರೆ, ಎಚ್‌ಎಸ್‌ಆರ್‌ಪಿ ಪ್ಲೇಟಿಗೆ ಮೊಬೈಲಿನಲ್ಲಿ ತಡಕಾಡುತ್ತಿದ್ದರು. 2019ರ ಏಪ್ರಿಲ್‌ಗೆ ಮುಂಚಿನ ವಾಹನಗಳೆಲ್ಲ ಹೊಸ ಪ್ಲೇಟ್ ಹಾಕಿಸಿಕೊಳ್ಳಬೇಕು ಎಂದು ಸಾರಿಗೆ ಇಲಾಖೆ ಕೊಟ್ಟಿದ್ದ ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ ಮೇ 31ಕ್ಕೆ ಬಂದು ನಿಂತಿತ್ತು. ಹದಿನೈದು ವರ್ಷದಿಂದ ಅದೇ ನಂಬರಿನಲ್ಲಿ ಹಾಲು ತರುತ್ತಿದ್ದ ಮೊಪೆಡ್ಡಿನವರು ಚಾಸಿಸ್ ನಂಬರ್ ಕಾಣಲೆಂದು ಗ್ರೀಸ್ ಒರೆಸುತ್ತ ಕೂತಿದ್ದರು. ಒಂದೇ ಇಲಾಖೆ, ಒಂದೇ ತಿಂಗಳು. ನಂಬರ್ ಇದ್ದವರಿಗೆ ಇನ್ನೂ ಒಳ್ಳೆಯ ನಂಬರ್ ಪ್ಲೇಟಿನ ಒತ್ತಾಯ, ಇಲ್ಲದವರಿಗೆ ಸೆಪ್ಟೆಂಬರ್‌ವರೆಗೆ ಪುರುಸೊತ್ತು.

ತಾತ್ಕಾಲಿಕ ಸಂಖ್ಯೆಗೂ ಒಂದು ಪ್ಲೇಟ್ ಇದೆ, 2020ರ ಅಧಿಸೂಚನೆಯ ಪ್ರಕಾರ ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ. ಮಾನ್ಯರ ಕಾರಿನಲ್ಲಿ ಆ ಜಾಗದಲ್ಲಿ ಶೋರೂಮಿನ ಹೆಸರು ಹೊಳೆಯುತ್ತದೆ. ಸಂಖ್ಯೆ ಗಾಜಿನ ಒಳಮೂಲೆಯಲ್ಲಿ, ಬಿಸಿಲಿಗೆ ಸುರುಳಿಯಾದ ಹಾಳೆಯಲ್ಲಿ, ಔಷಧಿ ಚೀಟಿಯ ಅಕ್ಷರದಲ್ಲಿ. ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ 50 ಜಂಕ್ಷನ್‌ಗಳಿಗೆ ಹಾಕಿದ ವ್ಯವಸ್ಥೆಯಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳಿವೆ. ಅವು ಹೆಲ್ಮೆಟ್ ಇಲ್ಲದ ತಲೆಯನ್ನು ದೂರದಿಂದಲೇ ಗುರುತಿಸಿ ಮನೆಗೆ ನೋಟಿಸ್ ಕಳಿಸುತ್ತವೆ. ಮಾನ್ಯರ ಕಾರು ಎದುರಾದರೆ ಓದಲು ಏನೂ ಸಿಗದೆ ಬಣ್ಣ ನೋಡಿ ಸುಮ್ಮನಾಗುತ್ತವೆ. ಹೋಟೆಲಿನ ವ್ಯಾಲೆ ಹುಡುಗನಿಗೂ ಇದೇ ಪಾಡು. ಟೋಕನ್ನಿನಲ್ಲಿ ನಂಬರ್ ಬರೆಯುವ ಜಾಗದಲ್ಲಿ ಅವನು ಬರೆದದ್ದು ‘ಹಸಿರು, ಕೆಳಗಿರೋದು’.

ದಂಡದ ಭಯ ಇದೆಯೇ? 192ನೇ ಕಲಂನಲ್ಲಿ ಮೊದಲ ತಪ್ಪಿಗೆ ಕನಿಷ್ಠ 2,000, ಗರಿಷ್ಠ 5,000. ಮಾನ್ಯರ ಕಾರಿಗೆ ಒಂದು ಸಲ ಪಾಲಿಶ್ ಮಾಡಿಸಲೂ ಅದು ಸಾಲದು.

ಭಯ ಇರಬೇಕಾದದ್ದು ವಿಮೆಯ ಕಡೆಯಿಂದ. ರಾಜಸ್ಥಾನದ ಒಬ್ಬರು 2011ರಲ್ಲಿ ಹೊಸ ಬೊಲೆರೊ ಕೊಂಡರು. ತಾತ್ಕಾಲಿಕ ನೋಂದಣಿ ಜುಲೈ 19ಕ್ಕೆ ಮುಗಿಯಿತು. ಅದೇ ತಿಂಗಳ 28ರ ರಾತ್ರಿ ಜೋಧಪುರದ ಅತಿಥಿಗೃಹದ ಹೊರಗೆ ನಿಲ್ಲಿಸಿದ್ದ ಗಾಡಿ ಕಳುವಾಯಿತು. ವಿಮಾ ಕಂಪನಿ ಹಣ ಕೊಡಲಿಲ್ಲ. ಗ್ರಾಹಕ ವೇದಿಕೆಗಳನ್ನು ದಾಟಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು: ನೋಂದಣಿಯಿಲ್ಲದ ವಾಹನವನ್ನು ರಸ್ತೆಗಿಳಿಸಿದ್ದೇ ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ, ಪರಿಹಾರ ಇಲ್ಲ. ಒಂಬತ್ತು ದಿನದ ಅಲಕ್ಷ್ಯಕ್ಕೆ ಹತ್ತು ವರ್ಷದ ಕೋರ್ಟು ಅಲೆದಾಟ, ಅದೂ ಒಂದು ಬೊಲೆರೊಗೆ. ಮಾನ್ಯರ ಕಾರಿನ ಒಂದು ಹೆಡ್‌ಲೈಟಿನ ಬೆಲೆ ಎಷ್ಟೆಂದು ಅವರೇ ಬಲ್ಲರು.

ತಡಮಾಡಿದರೆ ಲಾಭ ಎಂದು ಪಕ್ಕದ ರಾಜ್ಯದ ನಂಬರಿಗೆ ಆಸೆಪಡುವವರಿಗೆ 2025 ಒಳ್ಳೆಯ ವರ್ಷವಾಗಿರಲಿಲ್ಲ. ಫೆಬ್ರವರಿಯಲ್ಲಿ ರಾಜ್ಯದ ಸಾರಿಗೆ ಅಧಿಕಾರಿಗಳು ಬೆಂಗಳೂರಿನಲ್ಲಿ ಬಲೆ ಬೀಸಿ, ತೆರಿಗೆ ಕಟ್ಟದೆ ಓಡುತ್ತಿದ್ದ 30 ಐಷಾರಾಮಿ ಕಾರುಗಳನ್ನು ಹಿಡಿದರು. ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರಿಂದ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ಕೋರ್ಟಿಗೆ ಹೋಗಿ ನೋಡೋಣ ಎನ್ನುವವರಿಗೂ ಒಂದು ಪೂರ್ವನಿದರ್ಶನವಿದೆ. ತಮಿಳು ನಟ ವಿಜಯ್ ಇಂಗ್ಲೆಂಡಿನಿಂದ ತರಿಸಿದ ರೋಲ್ಸ್ ರಾಯ್ಸ್ ಕಾರಿನ ಪ್ರವೇಶ ತೆರಿಗೆಯನ್ನು 2012ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರು. 2021ರ ಜುಲೈನಲ್ಲಿ ಏಕಸದಸ್ಯ ಪೀಠ ಅರ್ಜಿ ವಜಾ ಮಾಡಿ, ಒಂದು ಲಕ್ಷ ದಂಡ ಹಾಕಿ, ಕಟು ಮಾತನ್ನೂ ಆಡಿತು. ಆ ಮಾತುಗಳನ್ನು ಮೇಲಿನ ಪೀಠ ಮುಂದಿನ ವರ್ಷ ಕಡತದಿಂದ ತೆಗೆಸಿತು.

ಆದ್ದರಿಂದ ಮಾನ್ಯರಲ್ಲಿ ವಿನಂತಿ: ಬಂದರಿನಿಂದಲೋ ಶೋರೂಮಿನಿಂದಲೋ ಕಾರು ಮುಚ್ಚಿದ ಟ್ರಕ್ಕಿನಲ್ಲಿ ಬರಲಿ, ಅದಕ್ಕೊಂದು ಗೀರೂ ಬೀಳುವುದಿಲ್ಲ. ಪೂಜೆಗೆ ತಂದ ನಾಲ್ಕು ನಿಂಬೆಹಣ್ಣು ಚಕ್ರದ ಕೆಳಗಿಡುವ ಮುನ್ನ ಫಾರ್ಮ್ 20 ತುಂಬಲಿ. ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ವಿಮೆ, ಮಾರಾಟ ಪತ್ರ ಜೋಡಿಸಿ ಆರ್‌ಟಿಒಗೆ ಒಯ್ಯಲಿ. ಅಲ್ಲಿ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ಚಾಸಿಸ್ ಸಂಖ್ಯೆ ತಾಳೆ ನೋಡುತ್ತಾರೆ. ಅದು ಎಲ್ಲಿದೆ ಎಂದು ಮಾನ್ಯರಿಗೂ ಗೊತ್ತಿಲ್ಲದಿದ್ದರೆ ಸರತಿಯಲ್ಲಿ ಹಿಂದೆ ನಿಂತ ಆಟೊದವರು ಹುಡುಕಿಕೊಡುತ್ತಾರೆ.

ಇಂತಿ,
ಹಿಂದೆಯೂ ಮುಂದೆಯೂ ನಂಬರ್ ಇರುವ ಸ್ಕೂಟರ್ ಸವಾರರ ಪರವಾಗಿ

ಪ್ರತಿಗಳು:
1. ಶೋರೂಮಿನ ಡೆಲಿವರಿ ವಿಭಾಗಕ್ಕೆ. ನೋಂದಣಿ ಇಲ್ಲದೆ ಗ್ರಾಹಕರಿಗೆ ಗಾಡಿ ಒಪ್ಪಿಸಕೂಡದು ಎನ್ನುವ 42ನೇ ನಿಯಮವನ್ನು ಕೇಕಿನ ಮೇಲೆ ಬರೆಸಬಹುದು.
2. ಜ್ಯೋತಿಷಿಗಳಿಗೆ. ಒಂಬತ್ತು ಕೂಡಿ ಬರುವ ಸಂಖ್ಯೆಗಳು ಯಾವ ಸೀರೀಸಿನಲ್ಲೂ ಬೇಕಾದಷ್ಟು ಸಿಗುತ್ತವೆ ಎಂಬ ಮಾಹಿತಿಗಾಗಿ.
3. ಅಂಚೆ ಇಲಾಖೆಗೆ. ಆರ್‌ಸಿ ಕಾರ್ಡ್ ಕಳಿಸುವಾಗ 58 ರೂಪಾಯಿ ಮುಂಗಡವಾಗಿಯೇ ಪಡೆಯುವುದು.