ಕಯಾನಿನ ಪೀರರ ಪಕ್ಷಾಂತರ ಪುರಾಣ

ಕಾಬೂಲಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ಸಲಾಂಗ್ ಸುರಂಗವನ್ನು ಹಾಯುತ್ತದೆ. ಹಿಂದೂಕುಶ್ ಪರ್ವತ ಕೊರೆದು 1964ರಲ್ಲಿ ಅದನ್ನು ಮಾಡಿಕೊಟ್ಟವರು ಸೋವಿಯತ್ ಎಂಜಿನಿಯರುಗಳು. 1979ರಲ್ಲಿ ಅದೇ ಹಾದಿಯಲ್ಲಿ ಅವರ ಟ್ಯಾಂಕುಗಳು ಬಂದವು. ರಸ್ತೆ ಮಾಡಿಕೊಡುವವರ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಸುರಂಗದ ಆಚೆ, ಬಗ್ಲಾನ್ ಪ್ರಾಂತ್ಯದಲ್ಲಿ, ಕಯಾನ್ ಕಣಿವೆ. ಅಲ್ಲಿಯ ದೊರೆಯಾಗಿದ್ದವರು ಸೈಯದ್ ಮನ್ಸೂರ್ ನಾದಿರಿ. ಅಲ್ಲಿಯ ಇಸ್ಮಾಯಿಲಿ ಶಿಯಾಗಳ ವಂಶಪಾರಂಪರ್ಯ ಪೀರರು, ಅಂದರೆ ಧರ್ಮಗುರುಗಳು. ಭಕ್ತರು ಕೈಗೆ ಮುತ್ತಿಡುವ ಮನೆತನ.

ಕಟ್ಟಾ ಸುನ್ನಿಗಳ ಕಣ್ಣಲ್ಲಿ ಇಸ್ಮಾಯಿಲಿಗಳು ಧರ್ಮಭ್ರಷ್ಟರು. ಉಳಿದ ಶಿಯಾಗಳಿಗೂ ಅವರು ಅಷ್ಟಕ್ಕಷ್ಟೆ. ಹೀಗೆ ಎರಡೂ ಕಡೆಯಿಂದ ತುಳಿಸಿಕೊಂಡ ಜನ ಬಂದೂಕು ಹಿಡಿದರೆ ತಪ್ಪೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆ ಬಂದೂಕುಗಳನ್ನು ಯಾರು ಯಾರಿಗೆ ಬಾಡಿಗೆಗೆ ಬಿಟ್ಟರು ಎಂಬುದು ಬೇರೆ ವಿಷಯ.

1978ರಲ್ಲಿ ಕಾಬೂಲಿನಲ್ಲಿ ಕಮ್ಯುನಿಸ್ಟರು ಕ್ರಾಂತಿ ಮಾಡಿದರು. ಪೀರರನ್ನು ಜೈಲಿಗೆ ಹಾಕಿದರು. ಪಾಳೇಗಾರಿಕೆಯನ್ನು ಬೇರುಸಹಿತ ಕೀಳುವ ಹುಮ್ಮಸ್ಸು ಅದು. ಆಮೇಲೆ ಸೋವಿಯತ್ ಲಾರಿಗಳಿಗೆ ಸಲಾಂಗ್ ರಸ್ತೆ ಕಾಯುವವರು ಬೇಕಾದರು. ಪಾಳೇಗಾರರು ರಾತ್ರೋರಾತ್ರಿ ಪ್ರಗತಿಪರರಾದರು. ದೇವರಿಲ್ಲ ಎನ್ನುವ ಸರ್ಕಾರ ದೇವಮಾನವರ ಪಡೆಗೆ ಸಂಬಳ ಎಣಿಸಿತು. ಎರಡೂ ಕಡೆ ಸಿದ್ಧಾಂತಕ್ಕೆ ಒಂದಿಷ್ಟೂ ಗಾಯವಾಗಲಿಲ್ಲ.

ಪೀರರ ಮಗ ಜಾಫರ್ ಇನ್ನೂ ಸ್ವಾರಸ್ಯದ ಆಸಾಮಿ. ಇಂಗ್ಲೆಂಡಿನಲ್ಲಿ ಓದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಯೌವನ. ಮೋಟಾರ್ ಸೈಕಲ್ ಗುಂಪಿನ ಸಹವಾಸ, ಹೆವಿ ಮೆಟಲ್ ಬ್ಯಾಂಡಿನಲ್ಲಿ ಡ್ರಮ್. ಅಪ್ಪ ವಾಪಸ್ ಕರೆಸಿಕೊಂಡರು. ಇಪ್ಪತ್ತರ ಹರೆಯದಲ್ಲೇ ಹುಡುಗ ಬಗ್ಲಾನಿನ ಗವರ್ನರ್, ಸರ್ಕಾರಿ ಸೇನೆಯ 80ನೇ ಡಿವಿಷನ್ನಿನ ದಂಡನಾಯಕ. ಡ್ರಮ್ ಬಾರಿಸಿದವನಿಗೆ ಜಿಲ್ಲೆಗಳನ್ನು ಆಳುವ ಅನುಭವ ಎಲ್ಲಿಂದ ಬಂತು ಎಂದು ಕೇಳಬಾರದು. ವಂಶದಿಂದ ಬಂತು. 1989ರಲ್ಲಿ ಅವನ ಮೇಲೆ ‘ವಾರ್‌ಲಾರ್ಡ್ ಆಫ್ ಕಯಾನ್’ ಎಂಬ ಸಾಕ್ಷ್ಯಚಿತ್ರವೂ ಬಂತು. ಪಶ್ಚಿಮದವರು ಬೆರಗಾಗಿ ನೋಡಿದರು. ತಮ್ಮ ಹಾಗೆ ಇಂಗ್ಲಿಷ್ ಮಾತಾಡುವ ಸೇನಾಧಿಪತಿ ಅವರಿಗೆ ಯಾವತ್ತೂ ಮುದ್ದು.

ಕಾಬೂಲಿನ ನಜೀಬುಲ್ಲಾ ಕಮ್ಯುನಿಸ್ಟ್ ಸರ್ಕಾರಕ್ಕೆ ಸೋವಿಯತ್ ನೆರವು 1992ರ ಜನವರಿ 1ಕ್ಕೆ ನಿಂತಿತು. ಪೀರರ ನಿಷ್ಠೆ ಮಾರ್ಚ್ ತಿಂಗಳನ್ನೂ ದಾಟಲಿಲ್ಲ. ಅದೇ ಸರ್ಕಾರದ ಜನರಲ್ ದೋಸ್ತಮ್, ಜನರಲ್ ಮೋಮಿನ್, ಜೊತೆಗೆ ನಾದಿರಿ ಒಟ್ಟಿಗೇ ಬಣ ಬದಲಿಸಿದರು. ಉತ್ತರದ ಮಜಾರ್-ಎ-ಷರೀಫ್ ನಗರ ಕಮ್ಯುನಿಸ್ಟರ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್ ಪಾಲಾಯಿತು. ಏಪ್ರಿಲ್‌ನಲ್ಲಿ ನಜೀಬುಲ್ಲಾ ಕಾಬೂಲಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಅವಿತು ಕೂತರು. ನಿನ್ನೆಯವರೆಗೆ ಮುಜಾಹಿದೀನರಿಂದ ರಸ್ತೆ ಕಾಯುತ್ತಿದ್ದವರು ಇವತ್ತು ಅವರ ಅಣ್ಣತಮ್ಮಂದಿರು. ಯಾರಿಗೂ ನಾಚಿಕೆಯಾದಂತೆ ಕಾಣಲಿಲ್ಲ. ಕರೆದವರಿಗೂ ಇಲ್ಲ, ಹೋದವರಿಗೂ ಇಲ್ಲ.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಈ ಮನೆತನದ ಆಶ್ರಯದಲ್ಲಿ ಒಂದು ಗ್ರಂಥಾಲಯವಿತ್ತು. ಹನ್ನೊಂದನೆಯ ಶತಮಾನದ ಇಸ್ಮಾಯಿಲಿ ಕವಿ ನಾಸಿರ್ ಖುಸ್ರೋ ಹೆಸರಿನದು. ಬಗ್ಲಾನಿನ ಪುಲ್-ಎ-ಖುಮ್ರಿಯಲ್ಲಿ 55,000 ಪುಸ್ತಕ. 1998ರ ಆಗಸ್ಟ್‌ನಲ್ಲಿ ತಾಲಿಬಾನಿಗಳು ಅದನ್ನು ನಾಶ ಮಾಡಿದರು. ಯುದ್ಧದ ವ್ಯಾಪಾರದಲ್ಲಿದ್ದವರು ಪುಸ್ತಕ ಕೂಡಿಟ್ಟಿದ್ದರು. ಧರ್ಮದ ಹೆಸರು ಹೇಳುತ್ತ ಬಂದವರು ಸುಟ್ಟರು. ಇಲ್ಲಿ ನನಗೆ ವ್ಯಂಗ್ಯ ಮಾಡಲು ಮನಸ್ಸಿಲ್ಲ.

2001ರಲ್ಲಿ ತಾಲಿಬಾನನ್ನು ಓಡಿಸಿದ ನಂತರ ಅಮೆರಿಕ ಪ್ರಜಾಪ್ರಭುತ್ವ ತಂದಿತು. ಸಶಸ್ತ್ರ ಪಡೆ ಇರುವ ಪಕ್ಷಕ್ಕೆ ನೋಂದಣಿ ಇಲ್ಲ ಎಂದು 2003ರ ಕಾನೂನು ಹೇಳಿತು. ಒಳ್ಳೆಯ ಕಾನೂನು. ಹಳೆಯ ದಂಡನಾಯಕರೆಲ್ಲ ಸೂಟು ಹೊಲಿಸಿಕೊಂಡು ಪಕ್ಷ ಕಟ್ಟಿದರು. ನಾದಿರಿಯವರ ಪಕ್ಷ ರಾಷ್ಟ್ರೀಯ ಬೆಸುಗೆಯದು. ಇಷ್ಟು ಬಣಗಳಿಗೆ ಬೆಸೆದುಕೊಂಡು ಬಿಡಿಸಿಕೊಂಡವರಿಗೆ ಇದಕ್ಕಿಂತ ಹೊಂದುವ ಹೆಸರು ಸಿಗದು. 2007ರಲ್ಲಿ ಸಂಸತ್ತು ಹಳೆಯ ಯುದ್ಧಾಪರಾಧಗಳಿಗೆಲ್ಲ ಕ್ಷಮಾದಾನ ಕೊಟ್ಟಿತು. ಕಟಕಟೆಯಲ್ಲಿ ನಿಲ್ಲಬೇಕಾಗಿದ್ದ ಎಷ್ಟೋ ಮಂದಿ ಅದೇ ಸಂಸತ್ತಿನ ಕುರ್ಚಿಗಳಲ್ಲಿ ಕೂತಿದ್ದರು. ಕೆಲಸ ಸಲೀಸಾಯಿತು.

ನಾದಿರಿಯವರ ಮಗಳು ಫರ್ಖುಂದಾ ಸಂಸದೆಯಾದರು. ಸುಪ್ರೀಂ ಕೋರ್ಟಿಗೆ ಮಹಿಳಾ ನ್ಯಾಯಮೂರ್ತಿ ಬೇಕೆಂದು ಪಟ್ಟು ಹಿಡಿದರು, ಮೆಚ್ಚೋಣ. ಇನ್ನೊಬ್ಬ ಮಗ ಸಾದತ್ ಮಂತ್ರಿಯಾದರು. 2018ರ ಜೂನ್‌ನಲ್ಲಿ ಕುರ್ಚಿ ಬಿಟ್ಟರು. ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಚಿನ್ನ, ತಾಮ್ರದ ಗಣಿಗಳ ಒಪ್ಪಂದಕ್ಕೆ ಸಹಿ ಬಿತ್ತು. ಅವರ ಕಂಪನಿ ಅದರಲ್ಲಿ ಪಾಲುದಾರ. ಮಾಜಿ ಮಂತ್ರಿಗಳು ಐದು ವರ್ಷ ಗಣಿ ಗುತ್ತಿಗೆ ಹಿಡಿಯಬಾರದೆಂಬ ಕಾನೂನಿತ್ತು. ಟೆಂಡರ್ ಗೆದ್ದದ್ದು ಮಂತ್ರಿಯಾಗುವ ಮೊದಲೇ ಎಂಬ ಸಮಜಾಯಿಷಿ ಬಂತು. ಬರದೆ ಇರುತ್ತದೆಯೇ?

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮತ್ತೆ ಪುಲ್-ಎ-ಖುಮ್ರಿಗೆ ಬಂತು. 2025ರ ಆರಂಭದಲ್ಲಿ ಬದಖ್ಷಾನ್ ಪ್ರಾಂತ್ಯದಲ್ಲಿ ಕನಿಷ್ಠ 50 ಇಸ್ಮಾಯಿಲಿಗಳನ್ನು ಬಲವಂತದಿಂದ ಸುನ್ನಿ ಮಾಡಲಾಯಿತೆಂದು ವಿಶ್ವಸಂಸ್ಥೆ ವರದಿ ಮಾಡಿತು. ಒಪ್ಪದವರಿಗೆ ಏಟು, ಬೆದರಿಕೆ. ಆ ಐವತ್ತು ಮಂದಿಯ ಬಳಿ ಡಿವಿಷನ್ ಇರಲಿಲ್ಲ. ಕಾಯಲು ಹೆದ್ದಾರಿಯೂ ಇರಲಿಲ್ಲ. ಅವರನ್ನು ಯಾವ ಸರ್ಕಾರವೂ ಮಾತುಕತೆಗೆ ಕರೆಯಲಿಲ್ಲ.