ನಲ್-ಪ್ರಾಗಭಾವ-ಮೀಮಾಂಸೆ

ಫೀಲ್ಡಿನಲ್ಲಿ ಬೆಲೆ ಇಲ್ಲದಿರುವಿಕೆಯು, ನೈಯಾಯಿಕರ ಅಭಾವವಿಚಾರವನ್ನು ಅನುಸರಿಸಿದರೆ, ಚತುರ್ವಿಧ. ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕಿನಲ್ಲಿ ಕ್ಲಾಸಿನ ಫೀಲ್ಡಿನ ನೆತ್ತಿಯ ಮೇಲೆ, ಕಾನ್ಫಿಗರೇಶನ್ ಫೈಲಿನಿಂದ ಬೆಲೆ ತರಿಸುವ ‘ವ್ಯಾಲ್ಯೂ’ ಆನೊಟೇಶನ್ ಬರೆದು, ಅದೇ ಫೀಲ್ಡನ್ನು ಕನ್ಸ್ಟ್ರಕ್ಟರಿನೊಳಗೆ ಓದಿದಾಗ ಸಿಗುವ ನಲ್ ಪ್ರಾಗಭಾವ: ಬಂದಿಲ್ಲ, ಬರಲಿದೆ. ಅದೇ ಆನೊಟೇಶನ್ನನ್ನು ಸ್ಟ್ಯಾಟಿಕ್ ಫೀಲ್ಡಿಗೆ ಹಚ್ಚಿದರೆ ಅತ್ಯಂತಾಭಾವ: ಬಂದಿಲ್ಲ, ಬರುವುದೂ ಇಲ್ಲ. ಉಳಿದೆರಡನ್ನು ಬಿಡೋಣ, ನಾಲ್ಕು ಎಂದದ್ದು ಗಾಂಭೀರ್ಯಕ್ಕೆ.

ಸಿದ್ಧಾಂತ ಇಷ್ಟೇ. ಜಾವಾ ಮೊದಲು ಆಬ್ಜೆಕ್ಟನ್ನು ಹೆರುತ್ತದೆ, ಸ್ಪ್ರಿಂಗ್ ಆಮೇಲೆ ಉಡಿ ತುಂಬುತ್ತದೆ. ಕನ್ಸ್ಟ್ರಕ್ಟರ್ ಓಡಿ ಮುಗಿಯುವವರೆಗೆ ಕಾನ್ಫಿಗರೇಶನ್ ಫೈಲಿನ ಬೆಲೆ ಫೀಲ್ಡಿನ ಹೊಸ್ತಿಲು ದಾಟದು. ವಿಜಯಪುರದ ತಿಕೋಟಾ ಸೀಮೆಯಲ್ಲಿ ಒಣದ್ರಾಕ್ಷಿ ಮಾಡುವಾಗಲೂ ಕ್ರಮವೇ ಮುಖ್ಯ: ದ್ರಾಕ್ಷಿಯನ್ನು ಪೊಟ್ಯಾಷಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಬೆರೆತ ನೀರಿನಲ್ಲಿ ಅದ್ದಿ ಆಮೇಲೆ ಶೆಡ್ಡಿನಲ್ಲಿ ಹರಡುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ ನೀರು ಬೇಗ ಹೋಗಲೆಂದು ಈ ಸ್ನಾನ. ಒಣಗಿದ ಮೇಲೆ ಅದ್ದಿದರೆ ಹಣ್ಣೂ ಅದೇ, ನೀರೂ ಅದೇ, ಫಲ ಮಾತ್ರ ಇಲ್ಲ. ಅಲ್ಲಿಯದೇ ಇನ್ನೊಂದು ಉದಾಹರಣೆ: ಬಬಲೇಶ್ವರ, ತಿಕೋಟಾಗಳು ತಾಲ್ಲೂಕೆಂದು ಘೋಷಣೆಯಾದದ್ದು 2017ರ ಬಜೆಟ್ಟಿನಲ್ಲಿ. ಭಾಷಣ ಮುಗಿದ ಸಂಜೆಯೇ ತಹಶೀಲ್ದಾರರ ಕುರ್ಚಿ ಹುಡುಕಿ ಹೊರಟವನಿಗೆ ಸಿಗುವುದೂ ನಲ್. ಆನೊಟೇಶನ್ ಎಂಬುದು ಘೋಷಣೆ, ಕುರ್ಚಿಯಲ್ಲ.

‘ಪೋಸ್ಟ್‌ಕನ್ಸ್ಟ್ರಕ್ಟ್ ಇದೆಯಲ್ಲ’ ಎಂಬುದು ಪೂರ್ವಪಕ್ಷ. ಇದೆ, ಆ ಆನೊಟೇಶನ್ ಹಚ್ಚಿದ ಮೆಥಡ್ ಬೆಲೆ ಬಂದ ಮೇಲೆಯೇ ಓಡುತ್ತದೆ. ಆದರೆ ಹೆರಿಗೆಗೂ ಉಡಿಗೂ ನಡುವಿನ ಅರೆಬೆಂದ ಸ್ಥಿತಿ ಹಾಗೇ ಉಳಿಯಿತು. ಫೀಲ್ಡನ್ನು ಫೈನಲ್ ಎಂದು ಬಿಗಿಯಲೂ ಆಗದು. ‘ಡಿಫಾಲ್ಟ್ ಬೆಲೆ ಕೊಟ್ಟರಾಯಿತು’ ಎನ್ನುವವರೂ ಇದ್ದಾರೆ. ಫೈಲಿನಲ್ಲಿ ಹೆಸರು ತಪ್ಪಿದ್ದರೂ ಆಗ ಪ್ರೋಗ್ರಾಂ ನಗುನಗುತ್ತಾ ಓಡುತ್ತದೆ, ತಪ್ಪು ದಿಕ್ಕಿಗೆ. ಇವೆರಡರ ಬದಲು ಬೆಲೆಯನ್ನು ಕನ್ಸ್ಟ್ರಕ್ಟರಿನ ಪ್ಯಾರಾಮೀಟರಾಗಿಯೇ ಕೇಳಿದರೆ, ಬೆಲೆಯಿಲ್ಲದೆ ಆಬ್ಜೆಕ್ಟ್ ಹುಟ್ಟುವುದೇ ಇಲ್ಲ. ಟೆಸ್ಟ್ ಬರೆಯುವವರು ಸ್ಪ್ರಿಂಗನ್ನು ಎಬ್ಬಿಸಬೇಕಾಗಿಯೂ ಇಲ್ಲ. ಪ್ಯಾರಾಮೀಟರುಗಳು ಹತ್ತಾದವೆ? ಹಾಗಾದರೆ ಆ ಕ್ಲಾಸು ಬಹುಶಃ ಹತ್ತು ಕೆಲಸ ಹೊತ್ತಿದೆ, ಒಡೆಯಿರಿ.

ಇಷ್ಟು ಹೇಳಲು ‘ಅವಲಂಬನಾಂತಃಕ್ಷೇಪಣ’, ‘ಪ್ರಾರಂಭೀಕರಣಾನುಕ್ರಮಣಿಕೆ’ ಎಂದು ಟಂಕಿಸಿ ಕೂಡುವವರ ಮೇಲೆ ಸಿಟ್ಟು ಬರುತ್ತದೆ. ಈ ಪ್ರಬಂಧದ ಶೀರ್ಷಿಕೆಯ ಮೇಲೂ. ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು ವಚನಗಳನ್ನು ಅಚ್ಚು ಹಾಕಿದ್ದು ಇದೇ ವಿಜಯಪುರದಲ್ಲಿ. ದೇವರ ಜೊತೆ ಜಗಳವನ್ನೇ ಆಡುಮಾತಿನಲ್ಲಿ ಆಡಿದ ಕನ್ನಡಕ್ಕೆ ಒಂದು ನಲ್ ಭಾರವೆ? ಬಬಲೇಶ್ವರದಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ಹುಡುಗಿಗೆ ‘ಇನ್ನೂ ಬಂದಿಲ್ಲ ತಂಗಿ, ಜರಾ ತಡಿ’ ಎಂದರೆ ಸಾಕಿತ್ತು. ಹಾಗೆ ಹೇಳುವವರಿಲ್ಲದೆ ಅವಳು ಇಂಗ್ಲಿಷಿನ ಸಾಲನ್ನು ಬಾಯಿಪಾಠ ಮಾಡುತ್ತಾಳೆ, ತನ್ನ ಭಾಷೆಗೆ ಇದೆಲ್ಲ ಆಗದ ಮಾತೆಂದು ನಂಬುತ್ತಾಳೆ.